ಶುಗರೂ ಇದೆ, ಫಿಟ್ಸೂ ಇದೆ: ಕುಂಬಾರಕೊಪ್ಪಲಿನ ಅತ್ತೆಯ ಕಿವಿಮಾತು

ಮಗಾ, ಫಿಟ್ಸ್ ನಿನಗೆ ಹೈಸ್ಕೂಲಿನಿಂದಲೂ ಇದೆ, ಅದರ ಜೊತೆ ಏಗೋದು ನಿನಗೆ ಗೊತ್ತು. ಈಗ ಶುಗರ್ ಬೇರೆ ಬಂದಿದೆ ಅಂತ ನಿಮ್ಮಮ್ಮ ಫೋನಿನಲ್ಲಿ ಅತ್ತಳು. ಎರಡನ್ನೂ ಇಟ್ಟುಕೊಂಡೇ ನಾನು ಕುಂಬಾರಕೊಪ್ಪಲಿನಲ್ಲಿ ಸಂಸಾರ ಮಾಡಿದ್ದೀನಿ. ಡಾಕ್ಟರು ಹೇಳೋದನ್ನು ಡಾಕ್ಟರೇ ಹೇಳಲಿ. ಮನೆಯಲ್ಲಿ, ಫ್ಯಾಕ್ಟರಿಯಲ್ಲಿ ಹೇಗಿರಬೇಕು ಅನ್ನೋದನ್ನು ನಾನು ಹೇಳ್ತೀನಿ.

• ಮೊದಲು ಇದನ್ನು ತಲೆಗೆ ಹಾಕ್ಕೋ. ಶುಗರ್ ತೀರಾ ಇಳಿದರೆ ಬೆವರುತ್ತೆ, ಮೈ ನಡುಗುತ್ತೆ, ಮಾತು ತೊದಲುತ್ತೆ, ಪ್ರಜ್ಞೆ ತಪ್ಪುತ್ತೆ, ಫಿಟ್ಸೇ ಬರಬಹುದು. ತೀರಾ ಏರಿದರೂ ಕೆಲವರಿಗೆ ಒಂದೇ ಕೈಯೋ ಮುಖದ ಒಂದೇ ಪಕ್ಕವೋ ಪದೇ ಪದೇ ಎಳೆಯುತ್ತೆ. ನೋಡೋರಿಗೆ ಎಲ್ಲ ಒಂದೇ ಥರ. ಹಳೇ ಫಿಟ್ಸ್ ತಾನೇ ಅಂತ ಮಲಗಿಸಿ ಸುಮ್ಮನಾದರೆ, ಇಳಿದ ಶುಗರ್ ಇನ್ನೂ ಇಳೀತಾನೇ ಇರುತ್ತೆ. ಅದಕ್ಕೇ ಪ್ರತಿ ಸಲವೂ ಬೆರಳು ಚುಚ್ಚಿ ನೋಡಬೇಕು. ಮೆಷೀನು ಬೀರುವಿನೊಳಗೆ ಬೇಡ, ಟೀವಿ ಪಕ್ಕ ಇರಲಿ. ರಸಬಾಳೆ ಸುಲಿದ ಕೈಯಲ್ಲೇ ಚುಚ್ಚಿಕೊಂಡರೆ ಹಣ್ಣಿನ ಸಕ್ಕರೆಯೂ ಲೆಕ್ಕಕ್ಕೆ ಬಂದುಬಿಡುತ್ತೆ. ಕೈ ತೊಳೆದು ಒರೆಸಿಕೋ.

• 70ಕ್ಕಿಂತ ಕೆಳಗೆ ತೋರಿಸಿದರೆ, ಎಚ್ಚರ ಇದ್ದು ನುಂಗೋ ಹಾಗಿದ್ದರೆ, 3 ಟೀ ಚಮಚ ಸಕ್ಕರೆ ನೀರಿಗೆ ಕದಡಿ ಕುಡಿ. 15 ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡು. ಏರದಿದ್ದರೆ ಇನ್ನೊಂದು ಸಲ ಕುಡಿ, ಆಮೇಲೆ ಊಟ ಮಾಡು. ಮೈಸೂರು ಪಾಕ್ ಈ ಕೆಲಸಕ್ಕೆ ಬರಲ್ಲ, ತುಪ್ಪದಿಂದಾಗಿ ಸಕ್ಕರೆ ರಕ್ತಕ್ಕೆ ಸೇರೋದು ತಡ. ಈ ಮಾತಿಗೆ ನಿಮ್ಮ ಮಾವ ಬೇಜಾರು ಮಾಡ್ಕೊಳ್ಳೋರು.

• ಜೊತೆಗೆ ಕೆಲಸ ಮಾಡೋರಿಗೆ, ಅಮ್ಮನಿಗೆ ಇದನ್ನು ಈಗಲೇ ಹೇಳಿಡು. ಫಿಟ್ಸ್ ಬಂದಾಗ ಬಾಯಿಗೆ ಚಮಚ, ನೀರು, ಸಕ್ಕರೆ ಏನೂ ಹಾಕಬಾರದು. ಕೈಕಾಲು ಅದುಮಿ ಹಿಡಿಯಬಾರದು. ತಲೆ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಮಗ್ಗುಲಿಗೆ ತಿರುಗಿಸಿ, ಗಡಿಯಾರ ನೋಡಬೇಕು. 5 ನಿಮಿಷ ದಾಟಿದರೆ 108 ಅನ್ನೋದು ಎಲ್ಲರಿಗೂ ಹೇಳೋ ಮಾತು. ಇನ್ಸುಲಿನ್ನೋ ಶುಗರ್ ಮಾತ್ರೆಯೋ ತಗೊಳ್ಳೋ ನಮ್ಮಂಥೋರಿಗೆ ಅಷ್ಟು ಕಾಯೋದು ಬೇಡ. ಶುಗರ್ ಕಡಿಮೆ ಇದ್ದರೆ, ಇಲ್ಲ ಮೆಷೀನೇ ಕೈಗೆ ಸಿಗದಿದ್ದರೆ, ಆಗಲೇ ಫೋನ್ ಮಾಡಬೇಕು. ಬೀಗದ ಕೈ ಹಿಡಿಸೋಕೆ ಓಡಿ ಬರೋರು ನಮ್ಮ ಬೀದಿಯಲ್ಲಿ ಈಗಲೂ ಇದ್ದಾರೆ. ಎಷ್ಟೋ ಫಿಟ್ಸು ಎರಡು ನಿಮಿಷಕ್ಕೆ ತಾನಾಗೇ ನಿಲ್ಲುತ್ತೆ, ಹೆಸರು ಮಾತ್ರ ಬೀಗದ ಕೈಗೆ.

• ತಲೆಸ್ನಾನದ ವಿಷಯ ಸ್ವಲ್ಪ ಉದ್ದ, ತಾಳ್ಮೆಯಿಂದ ಓದು. ಬಿಸಿನೀರನ್ನು ಚೊಂಬಿನ ಮೇಲೆ ಚೊಂಬು ತಲೆಗೆ ಸುರಿದುಕೊಂಡಾಗ ಬರೋ ಫಿಟ್ಸ್ ಒಂದಿದೆ. ಬೇರೆ ದೇಶಗಳಲ್ಲಿ ಅಪರೂಪ, ನಮ್ಮ ಮೈಸೂರು ಸೀಮೆಯಲ್ಲಿ ಅಪರೂಪವಲ್ಲ. ಬೆಂಗಳೂರಿನ ಡಾ. ಕೆ.ಎಸ್. ಮಣಿ 1970ರ ದಶಕದಲ್ಲೇ ಇದರ ಬಗ್ಗೆ ಬರೆದಿದ್ದರು. ನಿಮ್ಹಾನ್ಸಿನ ಡಾ. ಪಿ. ಸತೀಶ್‌ಚಂದ್ರ ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದರು. ಇಂಥೋರಿಗೆ ಮೊದಲ ಮದ್ದು ಉಗುರುಬೆಚ್ಚಗಿನ ನೀರು. ತಲೆಸ್ನಾನದ ದಿನ ಮಾತ್ರ, ಒಂದೆರಡು ಗಂಟೆ ಮುಂಚೆ ತಗೊಳ್ಳೋಕೆ ಕ್ಲೋಬಜಾಮ್ ಬರೆದುಕೊಡೋದೂ ಉಂಟು. ಅದು ಡಾಕ್ಟರು ಬರೆದರೆ ಮಾತ್ರ. ನಿನ್ನದು ಆ ಜಾತಿಯ ಫಿಟ್ಸ್ ಅಲ್ಲದಿರಬಹುದು. ಆದರೂ ಶನಿವಾರದ ಎಣ್ಣೆನೀರು ಅಂದರೆ ಹೊಗೆಯಾಡೋ ಹಂಡೆ, ಖಾಲಿ ಹೊಟ್ಟೆ, ಹಾಕಿದ ಚಿಲಕ. ಶುಗರ್ ಮಾತ್ರೆ ನುಂಗಿ, ತಿಂಡಿ ಬಿಟ್ಟು ಬಚ್ಚಲಿಗೆ ಹೋದರೆ ಎರಡು ಕಾಯಿಲೆಯೂ ಅಲ್ಲೇ ಕಾಯ್ತಿರ್ತವೆ. ತಿಂಡಿ ತಿಂದು ಹೋಗು, ಚಿಲಕ ಹಾಕಬೇಡ, ತಲೆಗೆ ಸುರಿಯೋದು ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿಕೋ. ಶುಗರ್ ಹಳೆಯದಾದ ನನ್ನಂಥೋರಿಗೆ ಪಾದಕ್ಕೆ ಬಿಸಿಯೇ ಗೊತ್ತಾಗಲ್ಲ. ನಾನು ಮೊಣಕೈ ಅದ್ದಿ ನೋಡ್ತೀನಿ.

• ಶುಗರಿನ ಚೀಟಿ ನರದ ಡಾಕ್ಟರಿಗೆ, ನರದ ಚೀಟಿ ಶುಗರಿನ ಡಾಕ್ಟರಿಗೆ ತೋರಿಸು. ಅವರು ಕೇಳದಿದ್ದರೂ ಮೇಜಿನ ಮೇಲಿಡು. ಫೆನಿಟಾಯಿನ್ ಕೆಲವರಿಗೆ ಶುಗರ್ ಏರಿಸುತ್ತೆ, ವಾಲ್‌ಪ್ರೊಯೇಟ್ ತೂಕ ಏರಿಸುತ್ತೆ, ಕಾರ್ಬಮಜೆಪಿನ್ ಕೆಲವು ಶುಗರ್ ಮಾತ್ರೆಗಳ ಬಲ ಕುಗ್ಗಿಸುತ್ತೆ. ಇದನ್ನೋದಿ ಮಾತ್ರೆ ಬಿಟ್ಟೀಯ, ಜೋಕೆ! ಫಿಟ್ಸ್ ಮಾತ್ರೆ ದಿಢೀರಂತ ನಿಲ್ಲಿಸಿದರೆ ಒಂದರ ಹಿಂದೆ ಒಂದು ಬರುತ್ತೆ. ಜನೌಷಧಿಯಲ್ಲಿ ತಗೋ, ತಪ್ಪಿಲ್ಲ, ಆದರೆ ತಿಂಗಳಿಗೊಂದು ಕಂಪನಿ ಬದಲಾಯಿಸಬೇಡ.

• ಹೆಬ್ಬಾಳು, ಮೇಟಗಳ್ಳಿ ಫ್ಯಾಕ್ಟರಿಗಳ ನೈಟ್ ಶಿಫ್ಟ್ ನಿನಗಲ್ಲ. ನಿದ್ದೆಗೆಟ್ಟರೆ ಫಿಟ್ಸ್, ಹೊತ್ತುಗೆಟ್ಟು ಉಂಡರೆ ಶುಗರ್. ಡಾಕ್ಟರ ಪತ್ರ ಕೊಟ್ಟು ಹಗಲು ಶಿಫ್ಟ್ ಕೇಳು. ಏಣಿ ಹತ್ತೋ ಕೆಲಸವೂ ಬೇಡ.

• ಶಿವರಾತ್ರಿಗೆ ಉಪವಾಸವೂ ಜಾಗರಣೆಯೂ ಒಟ್ಟಿಗೆ. ನಮಗೆ ಎರಡೂ ಕೂಡದು. ಶಿವನಿಗೆ ಬಿಲ್ವಪತ್ರೆ ಸಾಕು.

• ಮುದ್ದೆ ತಿನ್ನು, ಗಾತ್ರ ಇಳಿಸು. ರಾಗಿಯಾದರೂ ಹಿಟ್ಟು ಹಿಟ್ಟೇ.

• ಗುಂಡು ಹಾಕೋ ಸ್ನೇಹಿತರು ಇದ್ದಾರೆ ಅಂತ ಕೇಳಿದ್ದೀನಿ. ರಾತ್ರಿ ಹಾಕಿದರೆ ಬೆಳಗಿನ ಜಾವ ಶುಗರ್ ಇಳಿಯುತ್ತೆ, ಎಬ್ಬಿಸೋಕೆ ಹೋದೋರು ಅಮಲು ಅಂದ್ಕೋತಾರೆ. ಇದಕ್ಕಿಂತ ಹೆಚ್ಚು ಹೇಳಲ್ಲ.

• ನಾಲೆಯಲ್ಲಿ ಈಜು ಬೇಡ. ಬೈಕಿನ ಆಸೆಯೂ ಸದ್ಯಕ್ಕೆ ಬೇಡ. ಲೈಸೆನ್ಸಿನ ಅರ್ಜಿಯಲ್ಲಿ ಫಿಟ್ಸ್ ಇದೆಯಾ ಅಂತ ಕೇಳ್ತಾರೆ, ಇಲ್ಲ ಅಂತ ಬರೆದರೆ ಅದು ಸುಳ್ಳು. ಸಿಟಿ ಬಸ್ಸಿದೆ.

• ಹೆಣ್ಣು ನೋಡೋಕೆ ಹೋಗೋ ಮುಂಚೆ ಎರಡನ್ನೂ ಹೇಳಿಬಿಡಬೇಕು. ನಿಮ್ಮಮ್ಮ ಮುಚ್ಚಿಡೋಣ ಅಂತಾಳೆ, ಕೇಳಬೇಡ. ಮುಚ್ಚಿಟ್ಟರೆ ಮಾತ್ರೆಯನ್ನೂ ಕದ್ದು ನುಂಗಬೇಕು, ಒಂದು ದಿನ ತಪ್ಪೇ ತಪ್ಪುತ್ತೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆ ರೋಗವೂ ಮದುವೆಗೆ ಅಡ್ಡಿಯಾಗಿ ಸೇರಿತ್ತು, 1999ರಲ್ಲಿ ಆ ಪದ ತೆಗೆದು ಹಾಕಿದರು. ಕಾನೂನಿನ ಅಡ್ಡಿ ಈಗಿಲ್ಲ. ಮಾತುಕತೆಗೆ ನಾನೂ ಬರ್ತೀನಿ. ಎರಡೂ ಇರೋಳು ಎದುರಿಗೇ ಕೂತಿರ್ತೀನಿ, ಹುಡುಗಿ ಕಡೆಯೋರಿಗೆ ಏನು ಕೇಳಬೇಕೋ ನನ್ನನ್ನೇ ಕೇಳಲಿ.