ಜೂಜಿನ ಊರಿನಲ್ಲಿ ನೋಡತಕ್ಕವು

ಚೀನಾ ದೇಶದ ದಕ್ಷಿಣ ಸಮುದ್ರತೀರದಲ್ಲಿ ಮಕಾವು ಎಂಬ ಪಟ್ಟಣವಿರುವುದು. ಲೋಕದವರು ಇದನ್ನು ಬಲ್ಲದ್ದು ಕ್ಯಾಸಿನೊ ಎಂಬ ಜೂಜುಕಟ್ಟೆಗಳ ನಿಮಿತ್ತವಾಗಿಯೇ. ನಮ್ಮ ಹಳೆಯ ವಿದ್ಯಾರ್ಥಿನಿಯರು ಹಾಂಗ್‌ಕಾಂಗಿಗೆ ಹೋದ ಪಕ್ಷದಲ್ಲಿ, 2018ರಲ್ಲಿ ತೆರೆದ ಸಮುದ್ರಸೇತುವೆಯ ಮೇಲೆ ಬಸ್ಸಿನಲ್ಲಿ ಒಂದು ಗಂಟೆಯೊಳಗೆ ಈ ಊರನ್ನು ಸೇರಬಹುದು. ಅಂಥ ಊರಿನಲ್ಲಿ ನಮ್ಮ ಹೆಣ್ಣುಮಕ್ಕಳಿಗೇನು ಕೆಲಸವೆಂದು ತಾಯಂದಿರು ಕೇಳಿಯಾರು. ಕೆಲಸವುಂಟು.

ಪೋರ್ಚುಗೀಸರು 1557ರ ಸುಮಾರಿಗೆ ಇಲ್ಲಿ ನೆಲೆಸಿದರು. 1999ರಲ್ಲಿ ಊರು ಚೀನಾದ ಆಡಳಿತಕ್ಕೆ ಮರಳಿತು. ಮೊದಲು ಸಂತ ಪೌಲನ ದೇವಾಲಯವನ್ನು ನೋಡತಕ್ಕದ್ದು. 1835ರ ಬೆಂಕಿಯಲ್ಲಿ ಒಳಭಾಗವೆಲ್ಲ ಸುಟ್ಟುಹೋಗಿ, ಕಲ್ಲಿನ ಮುಂಗೋಡೆ ಮಾತ್ರ ನಿಂತಿದೆ. ಹಿಂಸೆಗೆ ಅಂಜಿ ಜಪಾನಿನಿಂದ ಓಡಿಬಂದ ಕ್ರೈಸ್ತರೂ ಊರಿನ ಶಿಲ್ಪಿಗಳೂ ಅದನ್ನು ಕಡೆದರು. ಏಳು ತಲೆಯ ಸರ್ಪವನ್ನು ತುಳಿದ ಸ್ತ್ರೀಯ ಬಳಿ ಚೀನೀ ಅಕ್ಷರಗಳಿವೆ. ಚೀನೀ ಸಿಂಹಗಳೂ ಇವೆ. ಪಕ್ಕದ ಗುಡ್ಡದ ಕೋಟೆಯಲ್ಲಿ 1998ರಲ್ಲಿ ತೆರೆದ ವಸ್ತುಸಂಗ್ರಹಾಲಯವು ಊರಿನ ಚರಿತ್ರೆಯನ್ನೂ ಜನರ ಹಬ್ಬ, ಕಸಬುಗಳನ್ನೂ ತೋರಿಸುವುದು. ಇದಕ್ಕೆ ಅರ್ಧ ದಿನವನ್ನಾದರೂ ಕೊಡಿರಿ.

ಸರಕಾರದ ಆದಾಯದ ಬಹುಭಾಗವು ಜೂಜಿನ ತೆರಿಗೆಯೇ ಎಂಬುದನ್ನು ಮರೆಮಾಚಲಾಗದು. ಆ ಸರಕಾರವೇ ತನ್ನ ನೌಕರರು, ಚೀನೀ ಹೊಸವರುಷದ ಮೊದಲ ಮೂರು ದಿನಗಳ ಹೊರತು, ಜೂಜುಕಟ್ಟೆಯಲ್ಲಿ ಆಡಬಾರದೆಂದು ವಿಧಿಸಿದೆ! ಇಪ್ಪತ್ತೊಂದು ವರುಷ ತುಂಬದವರಿಗೂ ಒಳಗೆ ಪ್ರವೇಶವಿಲ್ಲ. ತನ್ನ ಮನೆಯವರಿಗೆ ಯಾವುದನ್ನು ಬೇಡವೆನ್ನುವುದೋ ಅದನ್ನೇ ಪರಸ್ಥಳದವರಿಗೆ ಮಾರುವ ಈ ನೀತಿಯನ್ನು ವಾಚಕರೇ ತೂಗಿ ನೋಡಲಿ.

ನನ್ನ ಮಟ್ಟಿಗೆ ಮಿಕ್ಕೆಲ್ಲಕ್ಕಿಂತ ಹಿರಿದಾದುದು ಕಮೋಯಿಶ್ ತೋಟದ ಬಳಿಯ ಚಿಕ್ಕ ಪ್ರಾಟೆಸ್ಟಂಟ್ ಸ್ಮಶಾನ. ರಾಬರ್ಟ್ ಮಾರಿಸನ್ ಎಂಬ ಮಿಷನರಿಯು 1807ರಲ್ಲಿ ಚೀನಾಕ್ಕೆ ಬಂದು ಸತ್ಯವೇದವನ್ನು ಚೀನೀ ಭಾಷೆಗೆ ತಿರುಗಿಸಿದನು. ಅವನ ದೊಡ್ಡ ಚೀನೀ ನಿಘಂಟು ಈ ಊರಿನಲ್ಲಿಯೇ ಅಚ್ಚಾಯಿತು. 1821ರಲ್ಲಿ ಅವನ ಪತ್ನಿ ಮೇರಿಯು ಕಾಲರಾದಿಂದ ತೀರಿಕೊಂಡಳು. ಕ್ಯಾಥೊಲಿಕ್ ಸ್ಮಶಾನದಲ್ಲಿ ಪ್ರಾಟೆಸ್ಟಂಟರಿಗೆ ಎಡೆಯಿರಲಿಲ್ಲ. ಹುಟ್ಟುತ್ತಲೇ ಸತ್ತ ಮೊದಲ ಶಿಶುವನ್ನು ಹೂಳಿದ್ದ ಗುಡ್ಡದಲ್ಲಿ ಆಕೆಯನ್ನು ಹೂಳಲು ಚೀನೀಯರು ಒಪ್ಪಲಿಲ್ಲ. ಆಗ ಈಸ್ಟ್ ಇಂಡಿಯಾ ಕಂಪೆನಿಯವರು ಈ ನೆಲವನ್ನು ಕೊಂಡರು. ಅಲ್ಲಿ ಮೊದಲು ಮಲಗಿದವಳು ಆ ತಾಯಿ. 1834ರಲ್ಲಿ ಮಾರಿಸನ್ನನನ್ನೂ 1843ರಲ್ಲಿ ಅವರ ಮಗನನ್ನೂ ಅಲ್ಲಿಯೇ ಹೂಳಿದರು. ಮದ್ರಾಸು, ಕಲ್ಕತ್ತೆಗಳಲ್ಲಿ ಬಹುಕಾಲ ಚಿತ್ರ ಬರೆದ ಜಾರ್ಜ್ ಚಿನ್ನರಿಯ ಗೋರಿಯೂ ಅಲ್ಲಿದೆ. ಒಳಗೆ ಹೋಗಲು ಹಣ ಕೊಡಬೇಕಾಗಿಲ್ಲ.