ಎರಡು ದಿನ, ಎರಡು ಅಂಕಿ



ಭೀಮರಾಯನಗುಡಿಯಲ್ಲಿ ನಮ್ಮ ಕಲಿಕಾ ಕೇಂದ್ರ ಸಂಜೆ ನಡೆಯುತ್ತದೆ. ಹತ್ತಿ ಬಿಡಿಸಿ ಬಂದವರು, ರೊಟ್ಟಿ ಬಡಿದು ಬಂದವರು ಎಲ್ಲರೂ ಕೂಡಿ ಕಲಿಯುತ್ತೇವೆ. ಒಂದು ಸಂಜೆ ಒಬ್ಬ ತಂಗಿ ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ತೆಗೆದಳು.

"ಟೀಚರ್, ಇದ್ರಾಗಿನ ಅಂಕಿ ನಾನೇ ಓದೀನ್ರಿ. ನಾಕುನೂರಾ ಇಪ್ಪತ್ತು ಅಂತ ಅದ. ಹಂಗಂದ್ರ ಏನ್ರಿ?"

ಅದು ರಕ್ತ ಪರೀಕ್ಷೆಯ ಚೀಟಿ. ಕೆಳಗೆ ಡಾಕ್ಟರು ಕನ್ನಡದಲ್ಲಿ ಒಂದು ಸಾಲು ಬರೆದಿದ್ದರು. ಅದನ್ನೂ ಅವಳೇ ಅಕ್ಷರ ಕೂಡಿಸಿ ಓದಿದಳು: "ಎರಡು ದಿನ ಬಿಟ್ಟು ಮತ್ತೆ ರಕ್ತ ಪರೀಕ್ಷೆ."

ಅವಳ ಮುಟ್ಟು ತಪ್ಪಿ 15 ದಿನ ಆಗಿತ್ತು. ಆಶಾ ಅಕ್ಕ ಕೊಟ್ಟ ಕಿಟ್‌ನಲ್ಲಿ ಎರಡು ಗೆರೆ ಮೂಡಿದ್ದವು. ಮನೆಯಲ್ಲಿ ಸಂತೋಷವಾಗಿತ್ತು. ಆಮೇಲೆ ಸ್ವಲ್ಪ ಸ್ವಲ್ಪ ರಕ್ತ ಕಾಣಿಸಿತು. ಕಿಬ್ಬೊಟ್ಟೆಯ ಬಲಗಡೆ ನೋವು ಬಂತು. "ಉಷ್ಣ ಆಗ್ಯಾದ, ಮಜ್ಜಿಗಿ ಕುಡಿ" ಎಂದರು ಮನೆಯವರು. ಆಶಾ ಅಕ್ಕ ಮಾತ್ರ ಬಿಡಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಈಗ ಮತ್ತೆ ಹೋಗಬೇಕು. ಅತ್ತೆ ಬೇಡ ಎನ್ನುತ್ತಿದ್ದರು. "ಹೊಟ್ಟೀಲೆ ಅದಾಳಂತ ಗೊತ್ತಾಗ್ಯಾದಲ್ಲ. ಮತ್ಯಾಕ ರಕ್ತ ಕೊಡಬೇಕು? ಮೊದಲೇ ಮೈಯಾಗ ರಕ್ತ ಕಡಿಮಿ."

ಅತ್ತೆಯ ಪ್ರಶ್ನೆ ತಪ್ಪಲ್ಲ. ಅದಕ್ಕೆ ಉತ್ತರ ತಿಳಿಯೋಣ.

ಗೆರೆ ಮೂಡುವುದು ಯಾಕೆ?

ಗರ್ಭ ನಿಂತ ಮೇಲೆ ಅದರ ಸುತ್ತ ಮಾಸು ಬೆಳೆಯಲು ಶುರುವಾಗುತ್ತದೆ. ಹೆರಿಗೆ ಆದ ಮೇಲೆ ಬೀಳುತ್ತದಲ್ಲ, ಅದೇ ಮಾಸು. ಕೆಲವರು ಕಸ ಎನ್ನುತ್ತಾರೆ. ಮಾಸು ಆಗುವ ಜೀವಕಣಗಳು ಒಂದು ರಸವನ್ನು ತಯಾರಿಸುತ್ತವೆ. ಇಂಥ ರಸಕ್ಕೆ ಹಾರ್ಮೋನು ಎಂದು ಹೆಸರು. ಈ ಹಾರ್ಮೋನಿನ ಹೆಸರು ಎಚ್‌ಸಿಜಿ. ಇದು ಮೊದಲು ರಕ್ತಕ್ಕೆ ಸೇರುತ್ತದೆ. ಆಮೇಲೆ ಮೂತ್ರದಲ್ಲಿ ಬರುತ್ತದೆ.

ಆಶಾ ಕಾರ್ಯಕರ್ತೆಯರು ಕೊಡುವ ನಿಶ್ಚಯ್ ಕಿಟ್ ಮೂತ್ರದಲ್ಲಿ ಈ ಹಾರ್ಮೋನನ್ನು ಹುಡುಕುತ್ತದೆ. ಮುಂಜಾನೆಯ ಮೊದಲ ಮೂತ್ರ ಒಳ್ಳೆಯದು. ಎರಡು ಗೆರೆ ಬಂದರೆ ಗರ್ಭ ನಿಂತಿದೆ. ಒಂದೇ ಗೆರೆ ಬಂತು, ಮುಟ್ಟೂ ಬರಲಿಲ್ಲ ಎಂದರೆ ಒಂದು ವಾರ ಬಿಟ್ಟು ಮತ್ತೆ ನೋಡಬೇಕು.

ಆದರೆ ಗೆರೆ ಹೇಳುವುದು ಒಂದೇ ಮಾತು: ಉಂಟು, ಇಲ್ಲವೆ ಇಲ್ಲ. ಎಷ್ಟು ಉಂಟು ಎಂದು ಅದು ಹೇಳುವುದಿಲ್ಲ. ಗರ್ಭ ಎಲ್ಲಿ ನಿಂತಿದೆ ಎಂದೂ ಹೇಳುವುದಿಲ್ಲ.

ಲ್ಯಾಬಿನಲ್ಲಿ ಏನು ಮಾಡುತ್ತಾರೆ?

ಕೈಯ ನರದಿಂದ ಸ್ವಲ್ಪ ರಕ್ತ ತೆಗೆಯುತ್ತಾರೆ. ಒಂದು ಚಮಚಕ್ಕಿಂತ ಹೆಚ್ಚು ಬೇಡ. ಅಷ್ಟರಿಂದ ಮೈಯ ರಕ್ತ ಕಡಿಮೆ ಆಗುವುದಿಲ್ಲ. ಈ ಪರೀಕ್ಷೆಗೆ ಉಪವಾಸ ಇರಬೇಕಾಗಿಲ್ಲ.

ರಕ್ತದ ನಳಿಕೆಯನ್ನು ಯಂತ್ರದಲ್ಲಿಟ್ಟು ಗರಗರ ತಿರುಗಿಸುತ್ತಾರೆ. ಮೊಸರು ಕಡೆದರೆ ಬೆಣ್ಣೆ ಬೇರೆಯಾಗುವುದಿಲ್ಲವೆ? ಹಾಗೆ ಕೆಂಪು ಭಾಗ ಕೆಳಗೆ ಉಳಿದು, ಹಳದಿ ನೀರು ಮೇಲೆ ಬರುತ್ತದೆ. ಆ ನೀರಿಗೆ ಒಂದು ಔಷಧಿ ಸೇರಿಸುತ್ತಾರೆ. ಒಂದು ಕೀಲಿಗೆ ಒಂದೇ ಕೀಲಿಕೈ ಕೂಡುತ್ತದೆ. ಹಾಗೆಯೇ ಆ ಔಷಧಿ ಈ ಹಾರ್ಮೋನನ್ನೇ ಹುಡುಕಿ ಹಿಡಿಯುತ್ತದೆ. ಎಷ್ಟು ಹಿಡಿಯಿತು ಎಂದು ಯಂತ್ರ ಎಣಿಸುತ್ತದೆ. ಅದೇ ಚೀಟಿಯ ಮೇಲಿನ ಅಂಕಿ. 5ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಗರ್ಭ ಇಲ್ಲ ಎಂದರ್ಥ. 25ಕ್ಕಿಂತ ಹೆಚ್ಚಿದ್ದರೆ ಗರ್ಭ ಉಂಟು. ನಡುವೆ ಇದ್ದರೆ ಮತ್ತೊಮ್ಮೆ ನೋಡಬೇಕು.

ಹಿಂದೆ ಇಷ್ಟು ಸುಲಭ ಇರಲಿಲ್ಲ. 1927-28ರಲ್ಲಿ ಜರ್ಮನಿಯ ಬರ್ಲಿನ್ ಊರಿನಲ್ಲಿ ಇಬ್ಬರು ವೈದ್ಯರು ಒಂದು ಪರೀಕ್ಷೆ ಕಂಡುಹಿಡಿದರು. ಬಸುರಿಯ ಮೂತ್ರವನ್ನು ಹೆಣ್ಣಿಲಿಗೆ ಚುಚ್ಚಿ, ಕೆಲವು ದಿನ ಕಾಯಬೇಕಾಗಿತ್ತು. 1972ರಲ್ಲಿ ಅಮೆರಿಕದ ವಿಜ್ಞಾನಿಗಳು ರಕ್ತದಲ್ಲಿ ಈ ಹಾರ್ಮೋನನ್ನೇ ಬೇರೆಯಾಗಿ ಅಳೆಯುವ ದಾರಿ ತೋರಿಸಿದರು. ಅವರಲ್ಲಿ ಒಬ್ಬರು ಹೆಣ್ಣುಮಗಳು. ಹೆಸರು ಜುಡಿತ್ ವೈಟುಕೈಟಿಸ್.

ಎರಡು ಸಲ ಯಾಕೆ?

ನಾರಾಯಣಪುರದಿಂದ ಕಾಲುವೆಗೆ ನೀರು ಬಿಡುವುದನ್ನು ನೀವು ಬಲ್ಲಿರಿ. ಕಾಲುವೆಯ ಗೋಡೆಯ ಅಳತೆಪಟ್ಟಿಯನ್ನು ಒಂದು ಸಲ ನೋಡಿದರೆ ಏನು ತಿಳಿಯುತ್ತದೆ? ಈಗ ಎಷ್ಟು ನೀರಿದೆ ಎಂದು ತಿಳಿಯುತ್ತದೆ. ನೀರು ಏರುತ್ತಿದೆಯೋ ಇಳಿಯುತ್ತಿದೆಯೋ? ಅದು ತಿಳಿಯಬೇಕಾದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಬೇಕು.

ಇದೂ ಹಾಗೆಯೇ. ಗರ್ಭ ಚೆನ್ನಾಗಿದ್ದರೆ ಮೊದಲ ವಾರಗಳಲ್ಲಿ ಈ ಅಂಕಿ ಬೇಗ ಏರುತ್ತದೆ. ಎರಡು ಮೂರು ದಿನಕ್ಕೆ ಸುಮಾರು ಎರಡು ಪಟ್ಟು ಆಗುತ್ತದೆ. ಕೆಲವರಲ್ಲಿ ಸ್ವಲ್ಪ ನಿಧಾನ. ಹತ್ತನೆಯ ವಾರದ ಹೊತ್ತಿಗೆ ಬಹಳ ಮೇಲೆ ಹೋಗಿ, ಆಮೇಲೆ ತಾನೇ ಇಳಿಯುತ್ತದೆ. ಆದ್ದರಿಂದ ಪಕ್ಕದ ಮನೆಯವಳ ಅಂಕಿಗೆ ನಮ್ಮ ಅಂಕಿ ಹೋಲಿಸಬಾರದು.

ಮೊದಲ ವಾರಗಳಲ್ಲೇ ಅಂಕಿ ಇಳಿದರೆ ಗರ್ಭ ನಿಲ್ಲಲಿಲ್ಲ ಎಂದಿರಬಹುದು. ಅಂಕಿ ಬಹಳ ನಿಧಾನವಾಗಿ ಏರಿದರೆ ಇನ್ನೊಂದು ಅನುಮಾನ ಬರುತ್ತದೆ. ಗರ್ಭ ಗರ್ಭಕೋಶದಲ್ಲಿ ನಿಂತಿಲ್ಲವೇನೋ? ಪಕ್ಕದ ನಳಿಕೆಯಲ್ಲಿ ನಿಂತಿದೆಯೇನೋ? ನಳಿಕೆ ಸಣ್ಣದು. ಕೂಸು ಅಲ್ಲಿ ಬೆಳೆಯಲಾರದು. ನಳಿಕೆ ಒಡೆದರೆ ಹೊಟ್ಟೆಯೊಳಗೇ ರಕ್ತ ಹರಿಯುತ್ತದೆ. ತಾಯಿಯ ಜೀವಕ್ಕೇ ಅಪಾಯ.

ಮತ್ತೆ ಅವಳ ಮಾತು

ಅವಳು ಚೀಟಿಯ ಸಾಲನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದಳು. "ಡಾಕ್ಟರ್ ಬರದಾರ. ನಾ ಹೋಗಾಕಿ" ಎಂದಳು. ಗಂಡ ಜೊತೆಗೆ ಹೋದ.

ಎರಡನೆಯ ಅಂಕಿ 510. "ಏರ್ಯಾದಲ್ಲ, ಛಲೋ ಆತು" ಎಂದ ಗಂಡ. ಆದರೆ ಅದು ಸಾಲದು. ಡಾಕ್ಟರು ಸ್ಕ್ಯಾನ್ ಮಾಡಿಸಿದರು. ಗರ್ಭಕೋಶ ಖಾಲಿ ಇತ್ತು. ಬಲಗಡೆಯ ನಳಿಕೆಯಲ್ಲಿ ಗರ್ಭ ನಿಂತಿತ್ತು. ನಳಿಕೆ ಇನ್ನೂ ಒಡೆದಿರಲಿಲ್ಲ. ಅದಕ್ಕೆ ಇಂಜೆಕ್ಷನ್ ಕೊಟ್ಟು ಗುಣ ಮಾಡಲು ಆಯಿತು. ಒಡೆದಿದ್ದರೆ ಆಪರೇಷನ್ನೇ ಗತಿ.

ಅವಳು ಬಹಳ ಅತ್ತಳು. ನಾವೂ ಅವಳ ಜೊತೆ ಕುಳಿತೆವು. "ನೀ ಮಾಡಿದ ತಪ್ಪಲ್ಲ" ಎಂದೆವು. ಇದು ನಿಜ. ಭಾರ ಎತ್ತಿದ್ದಕ್ಕೆ, ಏನೋ ತಿಂದದ್ದಕ್ಕೆ ಹೀಗೆ ಆಗುವುದಿಲ್ಲ.

ಆಮೇಲೂ ರಕ್ತ ಪರೀಕ್ಷೆ ನಡೆಯಿತು. ಅಂಕಿ ಪೂರಾ ಇಳಿಯುವ ತನಕ ನೋಡಬೇಕು. ಅವಳು ತನ್ನ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ತಾನೇ ಬರೆದಿಟ್ಟಳು: 310, 90, 18, 3. ಮೂರು ಎಂದು ಬರೆದ ದಿನ ನಕ್ಕಳು. "ಈಗ ಅತ್ತೀನೇ ಕೇಳ್ತಾರ್ರಿ, ಅಂಕಿ ಎಷ್ಟ ಬಂತು ಅಂತ" ಎಂದಳು.

ನೆನಪಿಡೋಣ

ಮುಟ್ಟು ತಪ್ಪಿದರೆ ಮೊದಲು ಕಿಟ್‌ನಿಂದ ನೋಡೋಣ. ಅಂಗಡಿಯಿಂದ ಮುಟ್ಟು ಬರಿಸುವ ಗುಳಿಗೆ ತಂದು ನುಂಗುವುದು ಬೇಡ. ಗರ್ಭ ನಳಿಕೆಯಲ್ಲಿದ್ದರೆ ಆ ಗುಳಿಗೆಯಿಂದ ಅದು ಹೋಗುವುದಿಲ್ಲ. ರಕ್ತ ಹೋಯಿತು, ಎಲ್ಲ ಮುಗಿಯಿತು ಎಂದು ಮೋಸ ಹೋಗುತ್ತೇವೆ.

ಎಲ್ಲ ಬಸುರಿಯರಿಗೂ ಈ ರಕ್ತ ಪರೀಕ್ಷೆ ಬೇಕಾಗಿಲ್ಲ. ರಕ್ತ ಕಂಡರೆ, ನೋವು ಇದ್ದರೆ, ಡಾಕ್ಟರು ಹೇಳಿದರೆ ಮಾಡಿಸಬೇಕು.

ಒಂದೇ ಬದಿ ಜೋರು ನೋವು, ಹೆಗಲ ನೋವು, ಕಣ್ಣಿಗೆ ಕತ್ತಲೆ ಬಂದರೆ ಚೀಟಿಗಾಗಿ ಕಾಯಬಾರದು. 108ಕ್ಕೆ ಫೋನ್ ಮಾಡಿ ಶಹಾಪುರದ ತಾಲ್ಲೂಕು ಆಸ್ಪತ್ರೆಗೋ ಯಾದಗಿರಿಯ ಜಿಲ್ಲಾ ಆಸ್ಪತ್ರೆಗೋ ಹೋಗಬೇಕು.

ಗಂಡೋ ಹೆಣ್ಣೋ ಎಂದು ಈ ಅಂಕಿ ಹೇಳುವುದಿಲ್ಲ. ಹುಟ್ಟುವ ಮೊದಲು ಅದನ್ನು ಪತ್ತೆ ಮಾಡುವುದು 1994ರ ಕಾನೂನಿನಂತೆ ಅಪರಾಧ.

ಚೀಟಿಗಳನ್ನು ಎಸೆಯಬಾರದು. ತಾರೀಖು ನೋಡಿ, ಒಂದರ ಹಿಂದೆ ಒಂದು ಜೋಡಿಸಿ ಇಡೋಣ.

ಓದಿ, ಉತ್ತರ ಹೇಳಿ

1. ಕಿಟ್ ಯಾವ ಮಾತು ಹೇಳುತ್ತದೆ? ಯಾವ ಮಾತು ಹೇಳುವುದಿಲ್ಲ?

2. ಮೊದಲ ದಿನ 300 ಇತ್ತು. ಎರಡು ದಿನದ ಮೇಲೆ 600 ಆಯಿತು. ಎಷ್ಟು ಪಟ್ಟು ಆಯಿತು?

3. 420ರಿಂದ 510ಕ್ಕೆ ಎಷ್ಟು ಏರಿತು? ಲೆಕ್ಕ ಮಾಡಿ ಬರೆಯಿರಿ.

4. ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಹೆಸರು ಮತ್ತು ಫೋನ್ ನಂಬರನ್ನು ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿರಿ.