ದ್ರವ ಸಾರಜನಕದ ಪ್ರಾತ್ಯಕ್ಷಿಕೆ: ವಹಿಸಬೇಕಾದ ಎಚ್ಚರಿಕೆಗಳು

ಮೂಡುಬಿದಿರೆ ಬಳಿಯ ಮಿಜಾರಿನಂತಹ ಹಳ್ಳಿಗಳ ಹೈನುಗಾರರಿಗೆ ಕೃತಕ ಗರ್ಭಧಾರಣೆ ಹೊಸದಲ್ಲ. ಇದಕ್ಕೆ ಬೇಕಾದ ಘನೀಕೃತ ವೀರ್ಯವನ್ನು ದ್ರವ ಸಾರಜನಕದಲ್ಲಿ ಇಡಲಾಗುತ್ತದೆ. ದ್ರವ ತೀರಾ ಇಳಿದರೆ ವೀರ್ಯ ಕೆಡುತ್ತದೆ. ಹಸು ಗಬ್ಬ ನಿಲ್ಲದೆ, ಮುಂದಿನ ಬೆದೆಗೆ ಸುಮಾರು 21 ದಿನ ಕಾಯಬೇಕಾಗುತ್ತದೆ. ಆದ್ದರಿಂದ ಈ ದ್ರವದ ಗುಣವನ್ನು ರೈತರಿಗೂ ಶಾಲಾ ಮಕ್ಕಳಿಗೂ ತೋರಿಸಿಕೊಡುವುದು ಉಪಯುಕ್ತ. ಆದರೆ ಎಚ್ಚರ ತಪ್ಪಿದರೆ ಪ್ರಾಣಕ್ಕೇ ಅಪಾಯ.

ದ್ರವವು ಅನಿಲವಾಗುವ ಬಗೆ

ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಸಾರಜನಕವಾದರೋ ಶೂನ್ಯಕ್ಕಿಂತ 196 ಡಿಗ್ರಿ ಕೆಳಗೇ ಕುದಿಯುತ್ತದೆ. ಸುತ್ತಲಿನ ಗಾಳಿಯ ಶಾಖವೇ ಅದಕ್ಕೆ ಸಾಕು. ಒಂದು ಲೀಟರ್ ದ್ರವದಿಂದ ಸುಮಾರು 700 ಲೀಟರ್ ಅನಿಲ ಬರುತ್ತದೆ. ಪಾತ್ರೆಯ ಸುತ್ತ ಕಾಣುವ ಬಿಳಿ ಮಂಜು ಸಾರಜನಕವಲ್ಲ; ಗಾಳಿಯಲ್ಲಿರುವ ನೀರಾವಿ ತಣಿದು ಹನಿಗಟ್ಟಿದ್ದು. ಕರಾವಳಿಯ ತೇವದ ಹವೆಯಲ್ಲಿ ಇದು ಹೆಚ್ಚು ದಟ್ಟವಾಗಿರುತ್ತದೆ. ಸಾರಜನಕ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಹತ್ತು ಅಡಿ ಉದ್ದ, ಅಗಲ, ಎತ್ತರದ ಮುಚ್ಚಿದ ಕೋಣೆಯಲ್ಲಿ 10 ಲೀಟರ್ ದ್ರವ ಚೆಲ್ಲಿ ಆವಿಯಾದರೆ, ಗಾಳಿಯಲ್ಲಿ ಶೇಕಡಾ 21ರಷ್ಟಿದ್ದ ಆಮ್ಲಜನಕ ಸುಮಾರು 16ಕ್ಕೆ ಇಳಿಯುತ್ತದೆ. ಇನ್ನೂ ಇಳಿದರೆ ಒಳಗಿದ್ದವರು ಮುನ್ಸೂಚನೆಯಿಲ್ಲದೆ ಪ್ರಜ್ಞೆ ತಪ್ಪಬಹುದು.

ತೋರಿಸುವ ಕ್ರಮ

1. ತೆರೆದ ಅಂಗಳದಲ್ಲೇ ತೋರಿಸಬೇಕು. ನೋಡುವವರು ಎರಡು ಮೂರು ಮೀಟರ್ ದೂರವಿರಲಿ.

2. ಮುಖಕ್ಕೆ ಸುರಕ್ಷಾ ಕನ್ನಡಕ, ಕೈಗೆ ಸಡಿಲವಾದ ಒಣ ಚರ್ಮದ ಕೈಗವಸು, ಕಾಲಿಗೆ ಮುಚ್ಚಿದ ಪಾದರಕ್ಷೆ ಇರಬೇಕು.

3. ವೀರ್ಯವಿರುವ ಕಂಟೇನರಿನಿಂದ ದ್ರವ ತೆಗೆಯಬಾರದು. ಬೇರೆ ತಂದ ಅರ್ಧ ಲೀಟರನ್ನು ದಪ್ಪ ಥರ್ಮೋಕೋಲ್ ಪೆಟ್ಟಿಗೆಗೆ ನಿಧಾನವಾಗಿ ಸುರಿಯಬೇಕು.

4. ವೀಳ್ಯದೆಲೆಯನ್ನು ಇಕ್ಕಳದಲ್ಲಿ ಹಿಡಿದು ಅದ್ದಿ ತೆಗೆದರೆ, ಗಾಜಿನಂತೆ ಪುಡಿಯಾಗುತ್ತದೆ. ಅದನ್ನು ಬರಿಗೈಯಲ್ಲಿ ಮುಟ್ಟಬಾರದು.

5. ಕಂಟೇನರಿನಲ್ಲಿ ದ್ರವವೆಷ್ಟಿದೆ ಎಂದು ತಿಳಿಯಲು ಒಣ ಮರದ ಪಟ್ಟಿಯನ್ನು ತಳದವರೆಗೆ ಇಳಿಸಿ, ಹೊರತೆಗೆದು ಗಾಳಿಯಲ್ಲಿ ಆಡಿಸಬೇಕು. ಬಿಳಿ ಹಿಮ ಕಟ್ಟಿದಷ್ಟೇ ದ್ರವದ ಮಟ್ಟ. ಟೊಳ್ಳು ಕೊಳವೆ ಬಳಸಬಾರದು. ದ್ರವ ಮೇಲಕ್ಕೆ ಚಿಮ್ಮುತ್ತದೆ.

ಮರೆಯಬಾರದ ಮಾತು

ಕಂಟೇನರಿನ ಮುಚ್ಚಳ ಸಡಿಲವಾಗಿರುವುದು ಅನಿಲ ಹೊರಹೋಗಲೆಂದೇ. ಅದನ್ನು ಬಿಗಿದರೂ, ಬಾಟಲಿಯಲ್ಲಿ ದ್ರವ ತುಂಬಿ ಬಿರಡೆ ಹಾಕಿದರೂ ಸಿಡಿಯುವುದು ಖಂಡಿತ. ಕಿಟಕಿ ಮುಚ್ಚಿದ ಕಾರಿನಲ್ಲಿ ಸಾಗಿಸಬಾರದು. ಚರ್ಮಕ್ಕೆ ತಗುಲಿದರೆ ಉಜ್ಜದೆ, ಉಗುರುಬೆಚ್ಚಗಿನ ನೀರಿನಲ್ಲಿ ಇರಿಸಿ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಕೋಣೆಯೊಳಗೆ ಯಾರಾದರೂ ಕುಸಿದಿದ್ದರೆ ಕೂಡಲೇ ಒಳನುಗ್ಗಬಾರದು. ಮೊದಲು ಬಾಗಿಲು, ಕಿಟಕಿ ತೆರೆದು ಗಾಳಿಯಾಡಿಸಿ, ಸಹಾಯಕ್ಕೆ ಕರೆಯಬೇಕು.